ಮಾತಿಗೆ ನಿಂತವರು, ಮಾತು ನಿಲ್ಲಿಸಿದವರು: ‘ಸ್ಟಾಪ್’ ಎಂಬ ಕ್ರಿಯಾಪದದ ಬಗ್ಗೆ

ಪ್ರಶ್ನೆ: ನಾನು ಚಿತ್ರದುರ್ಗದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮಕ್ಕಳ ಗದ್ದಲ ಹೆಚ್ಚಾಯಿತೆಂದು ಪಡಸಾಲೆಯಲ್ಲಿ ‘ಸ್ಟೂಡೆಂಟ್ಸ್ ಮಸ್ಟ್ ಸ್ಟಾಪ್ ಟು ಟಾಕ್ ಇನ್ ದಿ ಕಾರಿಡಾರ್’ ಎಂದು ಪೇಂಟರ್ ಕೈಯಲ್ಲಿ ಬೋರ್ಡು ಬರೆಸಿ ಹಾಕಿಸಿದೆ. ಎರಡು ತಿಂಗಳಾದ ಮೇಲೆ ಹತ್ತನೆಯ ತರಗತಿಯ ಹುಡುಗನೊಬ್ಬ ಎಲ್ಲರೆದುರಿಗೆ, “ಮಿಸ್, ಇಲ್ಲಿ ನಿಂತುಕೊಂಡು ಮಾತಾಡಿ ಅಂತ ಬೋರ್ಡೇ ಹೇಳ್ತದೆ” ಎಂದ. ‘ದಿ ರೈನ್ ಈಸ್ ಸ್ಟಾಪ್ಡ್’ ಎಂದು ನಾನು ಬರೆಯುವುದೂ ತಪ್ಪು ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದಾರೆ. ಒನಕೆ ಓಬವ್ವನ ಬಗ್ಗೆ ಮಗುವೊಂದಕ್ಕೆ ಇಂಗ್ಲಿಷ್ ಭಾಷಣ ಬರೆದುಕೊಡುವಾಗ ‘ಶೀ ಸ್ಟಾಪ್ಡ್ ದಿ ಸೋಲ್ಜರ್ಸ್ ನಾಟ್ ಟು ಎಂಟರ್ ದಿ ಫೋರ್ಟ್’ ಎಂದು ಬರೆದಿದ್ದೆ, ಅದನ್ನೂ ತಿದ್ದಿದರು. ಇಷ್ಟು ಚಿಕ್ಕ ಕ್ರಿಯಾಪದದಲ್ಲಿ ಇಷ್ಟೊಂದು ತಪ್ಪುವುದು ಹೇಗೆ? ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ಆ ಹುಡುಗ ಬೋರ್ಡನ್ನು ಸರಿಯಾಗಿಯೇ ಓದಿದ್ದಾನೆ. ‘ಸ್ಟಾಪ್ ಟು ಟಾಕ್’ ಎಂದರೆ ಮಾತಾಡುವ ಸಲುವಾಗಿ ನಿಲ್ಲುವುದು. ‘ಸ್ಟಾಪ್ ಟಾಕಿಂಗ್’ ಎಂದರೆ ಆಡುತ್ತಿರುವ ಮಾತನ್ನು ನಿಲ್ಲಿಸುವುದು. ವ್ಯಾಕರಣ ಪುಸ್ತಕಗಳು ಇದನ್ನು ಇನ್ಫಿನಿಟಿವ್, ಜೆರಂಡ್ ಎಂಬ ಎರಡು ಹೆಸರುಗಳ ಕೆಳಗೆ ವಿವರಿಸುತ್ತವೆ, ನಮ್ಮ ಮಕ್ಕಳು ಪರೀಕ್ಷೆಯ ಹಿಂದಿನ ರಾತ್ರಿ ಅದನ್ನು ಉರು ಹೊಡೆದು ಮರುದಿನ ಮಧ್ಯಾಹ್ನಕ್ಕೆ ಮರೆಯುತ್ತಾರೆ. ದಾವಣಗೆರೆಯಲ್ಲಿ ಬಹಳ ವರ್ಷ ಇಂಗ್ಲಿಷ್ ಕಲಿಸಿದ ನನಗೆ ನಿಧಾನವಾಗಿ ಮನವರಿಕೆಯಾದ ಸಂಗತಿಯೆಂದರೆ, ಕನ್ನಡ ಬಲ್ಲವರಿಗೆ ಈ ಹೆಸರುಗಳ ಅಗತ್ಯವೇ ಇಲ್ಲ. ಇದೇ ವ್ಯತ್ಯಾಸವನ್ನು ನಾವು ದಿನಕ್ಕೆ ಹತ್ತು ಸಲ, ಒಮ್ಮೆಯೂ ತಪ್ಪದೆ, ನಮ್ಮ ಮಾತಿನಲ್ಲೇ ಮಾಡುತ್ತಿರುತ್ತೇವೆ.

‘ಅವರಿಬ್ಬರೂ ಗೇಟಿನ ಹತ್ತಿರ ಮಾತಿಗೆ ನಿಂತರು’ ಎನ್ನುತ್ತೇವೆ. ‘ನಾನು ಬಂದದ್ದು ನೋಡಿ ಮಾತು ನಿಲ್ಲಿಸಿದರು’ ಎಂದೂ ಎನ್ನುತ್ತೇವೆ. ಮೊದಲನೆಯದರಲ್ಲಿ ಮಾತು ಆರಂಭವಾಗುತ್ತದೆ, ಎರಡನೆಯದರಲ್ಲಿ ಅದೇ ಮಾತು ಕೊನೆಗೊಳ್ಳುತ್ತದೆ, ಆದರೆ ಎರಡೂ ಕಡೆ ಇರುವ ಧಾತು ‘ನಿಲ್ಲು’ ಒಂದೇ. ಅರ್ಥವನ್ನು ತಿರುಗಿಸಿದ್ದು ವಿಭಕ್ತಿ: ‘ಮಾತಿಗೆ’ ಎಂಬಲ್ಲಿರುವ ಚತುರ್ಥಿ ಉದ್ದೇಶವನ್ನು ಹೇಳುತ್ತದೆ, ‘ಮಾತನ್ನು’ ಎಂಬಲ್ಲಿರುವ ದ್ವಿತೀಯೆ ನಿಂತುಹೋದ ವಸ್ತು ಯಾವುದೆಂದು ತೋರಿಸುತ್ತದೆ. ‘ಜಗಳಕ್ಕೆ ನಿಂತ’, ‘ಮನೆಗೆಲಸಕ್ಕೆ ನಿಂತಳು’, ‘ಹೇಳಲು ನಿಂತರೆ ಹೊತ್ತು ಸಾಲದು’ ಎಂಬ ಮಾತುಗಳನ್ನು ಗಮನಿಸಿ. ಮೂರರಲ್ಲೂ ‘ನಿಲ್ಲು’ ಇದ್ದರೂ ಏನೂ ನಿಲ್ಲುವುದಿಲ್ಲ, ಎಲ್ಲವೂ ಶುರುವಾಗುತ್ತವೆ. ಇಂಗ್ಲಿಷಿನ ‘ಟು’ ಮಾಡುವ ಕೆಲಸ ನಮ್ಮ ‘ಗೆ’, ‘ಕ್ಕೆ’, ‘ಅಲು’ ಮಾಡುವ ಕೆಲಸ. ಅಲ್ಲಿನ ‘ಇಂಗ್’ ಮಾಡುವುದು ನಮ್ಮ ‘ಉವುದನ್ನು’ ಮಾಡುವ ಕೆಲಸ. ಆದ್ದರಿಂದ ಇಂಗ್ಲಿಷ್ ವಾಕ್ಯ ಬರೆಯುವ ಮುಂಚೆ, ನಾನು ಹೇಳಬೇಕಾದದ್ದು ‘ಮಾತಾಡಲು’ ಎಂದೋ ‘ಮಾತಾಡುವುದನ್ನು’ ಎಂದೋ ಎಂಬ ಒಂದೇ ಪ್ರಶ್ನೆ ಕೇಳಿಕೊಂಡರೆ ಸಾಕು. ‘ಲು’ ಬಂದರೆ ‘ಟು’, ‘ವುದನ್ನು’ ಬಂದರೆ ‘ಇಂಗ್’.

ಮೂರನೆಯದೊಂದು ಉಂಟು: ‘ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ’. ಇದು ಹೊಲದ ಬದುವಿನ ಜಗಳಕ್ಕೆ ಸಂಬಂಧಿಸಿದ ವಾಕ್ಯ, ವರ್ಷಗಟ್ಟಲೆ ಎಳೆಯುವಂಥದು. ಇಂಗ್ಲಿಷಿನಲ್ಲಿ ಇದಕ್ಕೂ ‘ಸ್ಟಾಪ್ಡ್ ಟಾಕಿಂಗ್ ಟು ಈಚ್ ಅದರ್’ ಎಂದೇ ಬರೆಯಬೇಕು. ಒಂದು ನಿಮಿಷದ ಮೌನಕ್ಕೂ ಹತ್ತು ವರ್ಷದ ಮುನಿಸಿಗೂ ಇಂಗ್ಲಿಷಿನವರು ಒಂದೇ ಕ್ರಿಯಾಪದ ಇಟ್ಟುಕೊಂಡಿದ್ದಾರೆ, ನಾವು ಎರಡು ಇಟ್ಟುಕೊಂಡಿದ್ದೇವೆ. ಬಡತನ ಯಾರ ಕಡೆಗಿದೆ ಎಂದು ನೀವೇ ನಿರ್ಧರಿಸಿ.

ನಿಮ್ಮ ಬೋರ್ಡಿನ ತಪ್ಪನ್ನು ನಾನೂ ಮಾಡಿದ್ದೇನೆ, ಅದೂ ಇಂಗ್ಲಿಷ್ ಉಪನ್ಯಾಸಕನೆಂಬ ಹಣೆಪಟ್ಟಿ ಹಚ್ಚಿಕೊಂಡ ಹೊಸದರಲ್ಲಿ. ಮನೆ ಬಾಡಿಗೆಯ ಮುಂಗಡವೆಂದು ಕೊಟ್ಟಿದ್ದ ಚೆಕ್ಕನ್ನು ಮಾಲೀಕರು ಎಲ್ಲೋ ಕಳೆದುಕೊಂಡರು. ಅದು ಬೇರೆಯವರ ಕೈ ಸೇರಿದರೆ ಗತಿಯೇನೆಂಬ ಗಾಬರಿಯಲ್ಲಿ ನಾನು ಬ್ಯಾಂಕಿಗೆ ಓಡಿ, ಒಂದು ಹಾಳೆಯ ಮೇಲೆ ‘ಪ್ಲೀಸ್ ಸ್ಟಾಪ್ ಟು ಪೇ ದಿಸ್ ಚೆಕ್’ ಎಂದು ಬರೆದು ಚೆಕ್ಕಿನ ನಂಬರು ಹಾಕಿ ಕೊಟ್ಟೆ. ಕೌಂಟರಿನ ಆಚೆ ಕೂತಿದ್ದ ಹಿರಿಯರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಓದಿ, “ಏನ್ ಸರ್, ಕೈಯಾಗಿನ ಕೆಲ್ಸ ನಿಲ್ಸಿ ಮೊದ್ಲು ಈ ಚೆಕ್ಕಿಗೆ ದುಡ್ಡು ಕೊಡ್ಬೇಕೇನ್ರೀ?” ಎಂದು ಕೇಳಿದರು. ನನಗೆ ಅರ್ಥವಾಗಲು ಅರ್ಧ ನಿಮಿಷ ಬೇಕಾಯಿತು. ಅವರು ನಗದೆ ಡ್ರಾಯರಿನಿಂದ ಅಚ್ಚಾದ ಫಾರಂ ಒಂದನ್ನು ತೆಗೆದು ಮುಂದಿಟ್ಟರು. ಅದರ ತಲೆಯ ಮೇಲೆ ‘ಸ್ಟಾಪ್ ಪೇಮೆಂಟ್’ ಎಂದಿತ್ತು. ‘ಸ್ಟಾಪ್’ ಆದ ಮೇಲೆ ನೇರವಾಗಿ ನಾಮಪದ, ನಡುವೆ ‘ಟು’ವಿನ ಸುಳಿವಿಲ್ಲ. ಆ ಫಾರಂ ಕಲಿಸಿದಷ್ಟು ಪಾಠವನ್ನು ನನಗೆ ಯಾವ ವ್ಯಾಕರಣವೂ ಕಲಿಸಿರಲಿಲ್ಲ.

ಇಷ್ಟು ಸ್ಪಷ್ಟವಾದ ವ್ಯತ್ಯಾಸ ಕನ್ನಡದಲ್ಲೇ ಇರುವಾಗ ನಾವು ತಪ್ಪುವುದೇಕೆ? ಇಂಗ್ಲಿಷಿನೊಳಗೇ ಒಂದು ಗುಂಡಿ ಇದೆ. ‘ಸ್ಟಾರ್ಟ್ ಟು ಟಾಕ್’, ‘ಸ್ಟಾರ್ಟ್ ಟಾಕಿಂಗ್’ ಎರಡೂ ಸರಿ, ಎರಡಕ್ಕೂ ಅರ್ಥ ಒಂದೇ. ‘ಬಿಗಿನ್’, ‘ಕಂಟಿನ್ಯೂ’ ಕೂಡ ಹಾಗೆಯೇ. ಇನ್ನೂ ಮೋಸದ ಸಂಗತಿಯೆಂದರೆ, ನಿಲ್ಲುವ ಅರ್ಥವೇ ಇರುವ ‘ಸೀಸ್’ ಕೂಡ ‘ಟು’ವನ್ನು ಒಪ್ಪಿಕೊಳ್ಳುತ್ತದೆ, ‘ದಿ ಕಂಪನಿ ಸೀಸ್ಡ್ ಟು ಎಕ್ಸಿಸ್ಟ್’ ಎಂಬುದು ಕಾನೂನು ಪತ್ರಗಳಲ್ಲಿ ದಿನನಿತ್ಯ ಕಾಣುವ ವಾಕ್ಯ. ಶುರುವಾಗುವುದಕ್ಕೆ ‘ಟು’ ನಡೆಯುವುದಾದರೆ ನಿಲ್ಲುವುದಕ್ಕೂ ನಡೆದೀತು ಎಂದು ಕಲಿಯುವವನು ಊಹಿಸುವುದು ದಡ್ಡತನವೇನಲ್ಲ, ತರ್ಕಬದ್ಧವಾದ ಊಹೆಯೇ ಸರಿ. ಭಾಷೆ ಅಲ್ಲಿ ತರ್ಕಕ್ಕೆ ಕೈಕೊಟ್ಟಿದೆ. ‘ಸ್ಟಾಪ್’ ಕುಳಿತಿರುವುದು ‘ಫಿನಿಶ್’, ‘ಕ್ವಿಟ್’, ‘ಅವಾಯ್ಡ್’, ‘ಗಿವ್ ಅಪ್’ ಇವುಗಳ ಪಂಕ್ತಿಯಲ್ಲಿ, ಆ ಪಂಕ್ತಿಯಲ್ಲಿ ಎಲ್ಲರ ಎಲೆಗೂ ಬಡಿಸುವುದು ‘ಇಂಗ್’ ಮಾತ್ರ. ಅದರ ಪಕ್ಕದಲ್ಲಿ ‘ಟು’ ಕಂಡರೆ ಅದು ಹೊರಗಿನಿಂದ ಬಂದ ಉದ್ದೇಶದ ‘ಟು’, ಅಂದರೆ ‘ಸಲುವಾಗಿ’ ಎಂದೇ ತಿಳಿಯಬೇಕು.

ಚಿತ್ರದುರ್ಗದಿಂದ ದಾವಣಗೆರೆಗೆ ಬರುವ ಹೆದ್ದಾರಿಯಲ್ಲಿ ಭರಮಸಾಗರ ಸಿಗುತ್ತದೆ. ‘ದಿ ಡ್ರೈವರ್ ಸ್ಟಾಪ್ಡ್ ಟು ಡ್ರಿಂಕ್ ಟೀ’ ಎಂದರೆ ಡ್ರೈವರ್ ಭರಮಸಾಗರದಲ್ಲಿ ಬಸ್ಸು ನಿಲ್ಲಿಸಿ ಚಹಾ ಕುಡಿದಿದ್ದಾನೆ, ಪ್ರಯಾಣಿಕರಿಗೆ ಹತ್ತು ನಿಮಿಷ ತಡವಾಗಿದೆ. ‘ದಿ ಡ್ರೈವರ್ ಸ್ಟಾಪ್ಡ್ ಡ್ರಿಂಕಿಂಗ್ ಟೀ’ ಎಂದರೆ ಅವನಿಗೆ ಸಕ್ಕರೆ ಕಾಯಿಲೆಯೋ ಅಸಿಡಿಟಿಯೋ ಬಂದು ವೈದ್ಯರು ಬೈದಿದ್ದಾರೆ, ಬಸ್ಸು ಭರಮಸಾಗರದಲ್ಲಿ ನಿಲ್ಲದೆ ಸೀದಾ ಬಂದಿದೆ. ತರಗತಿಯಲ್ಲಿ ಈ ಇಬ್ಬರು ಡ್ರೈವರುಗಳನ್ನು ಪಕ್ಕಪಕ್ಕ ನಿಲ್ಲಿಸಿದ ಮೇಲೆ ತಪ್ಪು ಮಾಡಿದ ವಿದ್ಯಾರ್ಥಿಗಳು ನನಗೆ ಕಡಿಮೆ ಸಿಕ್ಕಿದ್ದಾರೆ.

ಈಗ ನಿಮ್ಮ ಮಳೆಯ ವಾಕ್ಯ. ‘ದಿ ರೈನ್ ಈಸ್ ಸ್ಟಾಪ್ಡ್’ ಎಂದು ಬರೆದರೆ ಮಳೆಯನ್ನು ಯಾರೋ ನಿಲ್ಲಿಸಿದ್ದಾರೆ ಎಂಬ ಧ್ವನಿ ಬರುತ್ತದೆ. ಮಳೆ ಬರಲೆಂದು ಕಪ್ಪೆಗಳಿಗೆ ಮದುವೆ ಮಾಡುವ ನಮ್ಮ ಬಯಲುಸೀಮೆಯಲ್ಲಿ ಹಾಗೆ ನಿಲ್ಲಿಸಿದವರು ಯಾರೆಂದು ಜನ ಹುಡುಕಿಕೊಂಡು ಬಂದಾರು. ಸರಿಯಾದದ್ದು ‘ದಿ ರೈನ್ ಹ್ಯಾಸ್ ಸ್ಟಾಪ್ಡ್’.

ಈ ತಪ್ಪಿನ ಬೇರು ಮಾತ್ರ ಕನ್ನಡದಲ್ಲೇ ಇದೆ, ಅದೂ ಎರಡು ಕಡೆ. ಮೊದಲನೆಯದು, ನಮ್ಮಲ್ಲಿ ತಾನಾಗಿ ಆಗುವುದಕ್ಕೂ ಒಬ್ಬರು ಆಗಿಸುವುದಕ್ಕೂ ಬೇರೆಬೇರೆ ರೂಪ ಇರುವುದು: ಬಸ್ಸು ನಿಲ್ಲುತ್ತದೆ, ಡ್ರೈವರ್ ಬಸ್ಸನ್ನು ನಿಲ್ಲಿಸುತ್ತಾನೆ. ‘ಇಸು’ ಎಂಬ ಪ್ರೇರಣಾರ್ಥಕ ಪ್ರತ್ಯಯ ಈ ಗೆರೆಯನ್ನು ಎಳೆದು ಕೊಡುತ್ತದೆ. ಇಂಗ್ಲಿಷಿನಲ್ಲಿ ಬಸ್ಸೂ ‘ಸ್ಟಾಪ್ಸ್’, ಡ್ರೈವರೂ ಬಸ್ಸನ್ನು ‘ಸ್ಟಾಪ್ಸ್’. ರೂಪದಲ್ಲಿ ಗೆರೆ ಕಾಣದಿದ್ದಾಗ ನಮ್ಮ ಮನಸ್ಸು ಅದನ್ನು ಎಲ್ಲಾದರೂ ಎಳೆಯಬೇಕೆಂದು ಹಟ ಹಿಡಿದು, ಬಸ್ಸಿನ ಪಕ್ಕದಲ್ಲಿ ‘ಈಸ್’ ಅಥವಾ ‘ವಾಸ್’ ಸೇರಿಸಿಬಿಡುತ್ತದೆ. ಆದರೆ ಇಂಥ ಉಭಯವಾಸಿ ಕ್ರಿಯಾಪದಗಳು ನಮಗೇನು ಹೊಸವಲ್ಲ. ‘ಕೊಂಬೆ ಮುರಿಯಿತು’, ‘ಹುಡುಗ ಕೊಂಬೆ ಮುರಿದ’ ಎನ್ನುವಾಗ ‘ಮುರಿ’ ಎರಡೂ ಕಡೆ ‘ಇಸು’ವಿನ ನೆರವಿಲ್ಲದೆ ದುಡಿಯುತ್ತದೆ. ‘ಬಾಗಿಲು ತೆರೆಯಿತು’, ‘ಅವಳು ಬಾಗಿಲು ತೆರೆದಳು’ ಎಂಬಲ್ಲಿ ‘ತೆರೆ’ಯೂ ಹಾಗೆ. ‘ಸ್ಟಾಪ್’ ಎಂಬುದನ್ನು ‘ನಿಲ್ಲು’ವಿನ ಜೊತೆಗಲ್ಲದೆ ‘ಮುರಿ’ಯ ಜೊತೆಗೆ ಇಟ್ಟುಕೊಂಡರೆ ಗೊಂದಲ ಅರ್ಧ ಕಳೆಯುತ್ತದೆ.

ಎರಡನೆಯ ಬೇರು ‘ಇದೆ’ ಎಂಬ ಪದ. ನಾವು ‘ಮಳೆ ನಿಂತಿದೆ’, ‘ಗಡಿಯಾರ ನಿಂತಿದೆ’ ಎನ್ನುತ್ತೇವೆ, ಆ ‘ಇದೆ’ ಇಂಗ್ಲಿಷಿಗೆ ದಾಟುವಾಗ ‘ಈಸ್’ ಆಗಿ ಕೂರುತ್ತದೆ. ‘ಬಂದಿದೆ’, ‘ಹೋಗಿದೆ’, ‘ನಿಂತಿದೆ’ ಎಂಬಲ್ಲಿ ನಮ್ಮ ‘ಇದೆ’ಗೆ ಸಮನಾದದ್ದು ‘ಹ್ಯಾಸ್’ ಎಂದು ಗಟ್ಟಿಮಾಡಿಕೊಳ್ಳಬೇಕು. ಪೊಲೀಸರು ಕೈ ಅಡ್ಡ ಹಿಡಿದು ತಪಾಸಣೆಗೆ ನಿಲ್ಲಿಸಿದ ಬಸ್ಸಿನ ಬಗ್ಗೆ ಬರೆಯುವಾಗ ‘ದಿ ಬಸ್ ವಾಸ್ ಸ್ಟಾಪ್ಡ್’ ಎನ್ನುವುದು ಸರಿ, ಏಕೆಂದರೆ ಅಲ್ಲಿ ನಿಲ್ಲಿಸಿದವರು ಇದ್ದಾರೆ.

ಹಾಗೆಂದು ‘ನಿಂತಿದೆ’ ಎಂಬುದೆಲ್ಲ ‘ಸ್ಟಾಪ್’ ಆಗುವುದೂ ಇಲ್ಲ. ನಮ್ಮ ‘ನಿಲ್ಲು’ ಬಹಳ ದೊಡ್ಡ ಸಂಸಾರದ ಯಜಮಾನ. ಕಾಲಮೇಲೆ ನಿಲ್ಲುವುದು, ಚುನಾವಣೆಗೆ ನಿಲ್ಲುವುದು, ಗುಂಡಿಯಲ್ಲಿ ನೀರು ನಿಲ್ಲುವುದು ಎಲ್ಲವೂ ಅದರ ಸೂರಿನಡಿಯಲ್ಲೇ ಇವೆ. ಮಳೆಗಾಲದಲ್ಲಿ ಪಾಲಿಕೆಗೆ ಅರ್ಜಿ ಬರೆಯುವವರು ‘ವಾಟರ್ ಈಸ್ ಸ್ಟಾಪ್ಡ್ ಆನ್ ದಿ ರೋಡ್’ ಎಂದು ಬರೆಯುವುದುಂಟು. ಓದಿದ ಅಧಿಕಾರಿಗೆ ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂಬ ದೂರಿನಂತೆ ಕಂಡರೆ ಆಶ್ಚರ್ಯವಿಲ್ಲ. ನಿಂತ ನೀರು ಇಂಗ್ಲಿಷಿನಲ್ಲಿ ‘ಸ್ಟ್ಯಾಂಡಿಂಗ್ ವಾಟರ್’. ನಿಮ್ಮ ಜಿಲ್ಲೆಯ ವಾಣಿವಿಲಾಸ ಸಾಗರದ ಉದಾಹರಣೆಯನ್ನೇ ತೆಗೆದುಕೊಳ್ಳಿ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟಿದ ಆ ಅಣೆಕಟ್ಟು ಮುಗಿದದ್ದು 1907ರಲ್ಲಿ. 1933ರ ನಂತರ 2022ರಲ್ಲಿ ಅದು ಮತ್ತೆ ಕೋಡಿ ಬಿದ್ದಾಗ ನಾವೆಲ್ಲ ‘130 ಅಡಿ ನೀರು ನಿಂತಿದೆ’ ಎಂದು ಹೇಳಿಕೊಂಡು ಸಂಭ್ರಮಪಟ್ಟೆವು. ಇಂಗ್ಲಿಷಿನಲ್ಲಿ ಅದು ‘ದಿ ವಾಟರ್ ಸ್ಟ್ಯಾಂಡ್ಸ್ ಅಟ್ 130 ಫೀಟ್’. ‘ದಿ ವಾಟರ್ ಸ್ಟಾಪ್ಡ್ ಅಟ್ 130 ಫೀಟ್’ ಎಂದರೆ ಏರುತ್ತಿದ್ದ ನೀರು ಅಲ್ಲಿಗೆ ಏರುವುದನ್ನು ಬಿಟ್ಟಿತು ಎಂದಾಗುತ್ತದೆ. ಸಂಖ್ಯೆ ಅದೇ, ಸುದ್ದಿ ಬೇರೆ.

ದಾವಣಗೆರೆಯವನಾಗಿ ಇನ್ನೊಂದು ವಾಕ್ಯವನ್ನು ಸೇರಿಸದೆ ಮುಂದೆ ಹೋಗಲಾರೆ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಈ ಊರಿನಲ್ಲಿ ‘ಗಿರಣಿ ನಿಂತಿತು’ ಎಂಬ ಮಾತಿಗೆ ಎರಡು ತೂಕಗಳಿದ್ದವು. ಕರೆಂಟು ಹೋಗಿ ಗಿರಣಿ ನಿಂತರೆ ಅದು ‘ದಿ ಮಿಲ್ ಸ್ಟಾಪ್ಡ್’. ಅರ್ಧ ಗಂಟೆಯಲ್ಲಿ ಮತ್ತೆ ಮಗ್ಗಗಳ ಸದ್ದು ಕೇಳುತ್ತಿತ್ತು. ಗಿರಣಿ ನಿಂತೇ ಹೋದರೆ ಅದು ‘ಕ್ಲೋಸ್ಡ್ ಡೌನ್’. ಕನ್ನಡದಲ್ಲಿ ಆ ವ್ಯತ್ಯಾಸವನ್ನು ತೋರಿಸುವುದು ಮೂಲ ಕ್ರಿಯಾಪದವಲ್ಲ, ಅದರ ಬಾಲಕ್ಕೆ ಬಂದು ಸೇರುವ ‘ಹೋಯಿತು’ ಎಂಬ ಸಹಾಯಕ ಪದ. ಇಂಗ್ಲಿಷಿಗೆ ಆ ಬಾಲವಿಲ್ಲದ್ದರಿಂದ ಕ್ರಿಯಾಪದವನ್ನೇ ಬದಲಿಸಬೇಕು.

ಓಬವ್ವನ ವಾಕ್ಯಕ್ಕೆ ಬರೋಣ. ನಿಮ್ಮ ಮೂರು ಪ್ರಶ್ನೆಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದು. ‘ಶೀ ಸ್ಟಾಪ್ಡ್ ದಿ ಸೋಲ್ಜರ್ಸ್ ನಾಟ್ ಟು ಎಂಟರ್’ ಎಂದು ಬರೆಯುವಾಗ ನಿಮ್ಮ ಕಿವಿಯಲ್ಲಿ ಇದ್ದದ್ದು ‘ಸೈನಿಕರು ಒಳಗೆ ಬಾರದಂತೆ ತಡೆದಳು’ ಎಂಬ ಕನ್ನಡ ವಾಕ್ಯ. ‘ಬಾರದಂತೆ’ ಎಂಬಲ್ಲಿ ಒಂದು ನಿಷೇಧ ಅಡಗಿದೆ, ನೀವು ಅದನ್ನು ಪ್ರಾಮಾಣಿಕವಾಗಿ ‘ನಾಟ್’ ಎಂದು ದಾಟಿಸಿದಿರಿ. ಕನ್ನಡದ ಸೊಗಸು ಅದು: ತಡೆದದ್ದನ್ನೂ ಹೇಳುತ್ತೇವೆ, ತಡೆದದ್ದರ ಫಲವಾಗಿ ಏನಾಗಲಿಲ್ಲ ಎಂಬುದನ್ನೂ ಹೇಳುತ್ತೇವೆ. ಇಂಗ್ಲಿಷಿನ ‘ಸ್ಟಾಪ್’ ಹೊಟ್ಟೆಯಲ್ಲೇ ನಿಷೇಧವನ್ನು ಇಟ್ಟುಕೊಂಡಿರುವುದರಿಂದ ಅದಕ್ಕೆ ಇನ್ನೊಂದು ‘ನಾಟ್’ ಬೇಡ. ಇಲ್ಲೂ ಕನ್ನಡವೇ ದಾರಿ ತೋರಿಸುತ್ತದೆ; ‘ಸೈನಿಕರು ಒಳಗೆ ಬರುವುದನ್ನು ತಡೆದಳು’ ಎಂಬುದು ಅಷ್ಟೇ ಶುದ್ಧ ಕನ್ನಡ, ಅದರಲ್ಲಿ ನಿಷೇಧವಿಲ್ಲ. ‘ಬಾರದಂತೆ’ ಎಂಬುದನ್ನು ಮನಸ್ಸಿನಲ್ಲೇ ‘ಬರುವುದನ್ನು’ ಎಂದು ಬದಲಿಸಿಕೊಂಡು ಆಮೇಲೆ ಇಂಗ್ಲಿಷಿಗೆ ಹೋಗಿ. ‘ಶೀ ಸ್ಟಾಪ್ಡ್ ದಿ ಸೋಲ್ಜರ್ಸ್ ಫ್ರಮ್ ಎಂಟರಿಂಗ್ ದಿ ಫೋರ್ಟ್’ ಎಂದು ಸರಾಗವಾಗಿ ಬರುತ್ತದೆ. ‘ಸ್ಟಾಪ್ಡ್ ದೆಮ್ ಟು ಎಂಟರ್’ ಎಂಬುದೂ ನಮ್ಮ ಕಡೆ ಬಹಳ ಕೇಳಿಬರುತ್ತದೆ, ಅದೂ ತಪ್ಪು.

ಈ ‘ಫ್ರಮ್’ ಬಗ್ಗೆ ಒಂದು ಸೂಕ್ಷ್ಮ. ಬ್ರಿಟಿಷ್ ಇಂಗ್ಲಿಷಿನಲ್ಲಿ ‘ಸ್ಟಾಪ್ಡ್ ದಿ ಸೋಲ್ಜರ್ಸ್ ಎಂಟರಿಂಗ್’ ಎಂದು ‘ಫ್ರಮ್’ ಬಿಟ್ಟು ಬರೆಯುವುದುಂಟು. ಹಾಗೆ ಬಿಟ್ಟರೆ ‘ಒಳಗೆ ಬರುತ್ತಿದ್ದ ಸೈನಿಕರನ್ನು ನಿಲ್ಲಿಸಿದಳು’ ಎಂಬ ಇನ್ನೊಂದು ಓದಿಗೂ ಬಾಗಿಲು ತೆರೆದುಕೊಳ್ಳುತ್ತದೆ. ಕರ್ಮಣಿಯಲ್ಲಿ ಬರೆಯುವಾಗ ‘ಫ್ರಮ್’ ಬಿಡಲು ಬರುವುದೇ ಇಲ್ಲ: ‘ದಿ ಸೋಲ್ಜರ್ಸ್ ವರ್ ಸ್ಟಾಪ್ಡ್ ಫ್ರಮ್ ಎಂಟರಿಂಗ್’ ಎಂದೇ ಆಗಬೇಕು. ಯಾವಾಗಲೂ ‘ಫ್ರಮ್’ ಹಾಕಿಬಿಡುವುದು ನಮ್ಮಂಥವರಿಗೆ ಕ್ಷೇಮ. ‘ಕೀಪ್’ ವಿಷಯದಲ್ಲಂತೂ ‘ಫ್ರಮ್’ ಬಿಟ್ಟರೆ ಅನಾಹುತ. ‘ಕೆಪ್ಟ್ ದೆಮ್ ಫ್ರಮ್ ವೇಟಿಂಗ್’ ಎಂದರೆ ಕಾಯದಂತೆ ಮಾಡಿದರು, ‘ಕೆಪ್ಟ್ ದೆಮ್ ವೇಟಿಂಗ್’ ಎಂದರೆ ಕಾಯಿಸಿದರು.

‘ಸ್ಟಾಪ್’ ಬದಲು ‘ಪ್ರಿವೆಂಟ್’ ಬಳಸಬಹುದೇ ಎಂದು ನೀವು ಕೇಳಬಹುದು. ವಾಕ್ಯರಚನೆ ಒಂದೇ, ಅರ್ಥದ ಅಂಚು ಬೇರೆ. ಶುರುವಾದದ್ದನ್ನೂ ‘ಸ್ಟಾಪ್’ ಮಾಡಬಹುದು, ಶುರುವಾಗಲಿದ್ದುದನ್ನೂ ಮಾಡಬಹುದು. ‘ಪ್ರಿವೆಂಟ್’ ಹೆಚ್ಚಾಗಿ ಇನ್ನೂ ಆಗದೆ ಇರುವುದಕ್ಕೆ, ಅದು ಆಗಲೇ ಇಲ್ಲ ಎಂಬ ಖಚಿತತೆಯೊಂದಿಗೆ ಬರುತ್ತದೆ. ಸಮಾಜ ವಿಜ್ಞಾನದ ಶಿಕ್ಷಕಿಯಾಗಿ ನಿಮಗೆ ಇದು ಮುಖ್ಯ. ಓಬವ್ವ ‘ಪ್ರಿವೆಂಟೆಡ್ ದಿ ಫಾಲ್ ಆಫ್ ದಿ ಫೋರ್ಟ್’ ಎಂದು ಬರೆದರೆ ವ್ಯಾಕರಣ ಸರಿ, ಇತಿಹಾಸ ತಪ್ಪು. ಕೋಟೆ ಕೊನೆಗೆ 1779ರಲ್ಲಿ ಹೈದರಾಲಿಯ ವಶವಾಯಿತು. ಅವಳು ‘ಸ್ಟಾಪ್’ ಮಾಡಿದ್ದು ಆ ದಿನ, ಆ ಕಿಂಡಿಯಲ್ಲಿ ನುಸುಳಿದವರನ್ನು.

ಕಿಂಡಿ ಎಂದಾಗ ಈ ಕ್ರಿಯಾಪದದ ಹುಟ್ಟು ನೆನಪಾಗುತ್ತದೆ. ‘ಸ್ಟಾಪ್’ ಎಂಬುದರ ಹಳೆಯ ಅರ್ಥಕ್ಕೂ ನಡೆಯುವುದು ನಿಲ್ಲುವುದಕ್ಕೂ ಸಂಬಂಧವಿರಲಿಲ್ಲ. ಅದು ತೂತು ಮುಚ್ಚುವ ಪದ. ಲ್ಯಾಟಿನ್ನಿನಲ್ಲಿ ‘ಸ್ಟುಪ್ಪ’ ಎಂದರೆ ಅಗಸೆ ನಾರಿನ ಒರಟು ಸಿಕ್ಕು. ಅದನ್ನು ಸಂದಿಗೆ ತುರುಕಿ ಮುಚ್ಚುವ ಕ್ರಿಯೆಯೇ ಇಂಗ್ಲಿಷಿಗೆ ಬಂದು ‘ಸ್ಟಾಪ್’ ಆಯಿತೆಂದು ನಿಘಂಟುಕಾರರಲ್ಲಿ ಹೆಚ್ಚಿನವರು ಹೇಳುತ್ತಾರೆ. ಚಲನೆಯನ್ನು ನಿಲ್ಲಿಸುವ ಅರ್ಥ ಅದಕ್ಕೆ ಕೂಡಿಕೊಂಡದ್ದು 15ನೆಯ ಶತಮಾನದ ಹೊತ್ತಿಗೆ. ಬಿಳಿ ಟೇಪು ಬರುವ ಮುಂಚೆ ನಮ್ಮ ನಲ್ಲಿ ರಿಪೇರಿಯವರು ಪೈಪಿನ ಥ್ರೆಡ್ಡಿಗೆ ಸೆಣಬಿನ ಎಳೆಯನ್ನು ಬಿಗಿಯಾಗಿ ಸುತ್ತಿ, ಅದರ ಮೇಲೆ ಬಣ್ಣ ಸವರಿ ತಿರುಪುತ್ತಿದ್ದದ್ದನ್ನು ನೀವು ನೋಡಿರಬಹುದು. ಹನಿ ತೊಟ್ಟಿಕ್ಕುವುದು ನಿಂತುಬಿಡುತ್ತಿತ್ತು. ಲ್ಯಾಟಿನ್ನಿನ ಆ ಹೆಸರು ಅವರಿಗೆ ಗೊತ್ತಿಲ್ಲದೆ ಹೋದರೂ ಅವರು ಮಾಡುತ್ತಿದ್ದದ್ದು ಅಕ್ಷರಶಃ ಆ ಮೂಲ ‘ಸ್ಟಾಪ್’ ಕ್ರಿಯೆ. ಸೀಸೆಯ ಬಿರಡೆಗೆ ‘ಸ್ಟಾಪರ್’ ಎನ್ನುವುದು, ಹುಳುಕು ಹಲ್ಲಿಗೆ ಗಾರೆ ತುಂಬುವುದನ್ನು ಹಳೆಯ ಬ್ರಿಟಿಷರು ‘ಸ್ಟಾಪಿಂಗ್’ ಎನ್ನುತ್ತಿದ್ದದ್ದು, ಕಿವಿ ಮುಚ್ಚಿಕೊಳ್ಳುವುದಕ್ಕೆ ‘ಸ್ಟಾಪ್ ಒನ್ಸ್ ಇಯರ್ಸ್’ ಎನ್ನುವುದು ಎಲ್ಲವೂ ಆ ತೂತಿನಿಂದಲೇ ಬಂದವು. ಕಿಂಡಿಯ ಬಾಯಿಯಲ್ಲಿ ಒನಕೆ ಹಿಡಿದು ನಿಂತವಳಿಗೆ ಇದಕ್ಕಿಂತ ಒಪ್ಪುವ ಕ್ರಿಯಾಪದ ಇಂಗ್ಲಿಷಿನಲ್ಲಿ ಸಿಗಲಾರದು.

ಹಾರ್ಮೋನಿಯಂ ನುಡಿಸುವವರಿಗೆ ಇದರ ಇನ್ನೊಂದು ಮುಖ ಗೊತ್ತು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯಂಥ ತಂಡಗಳ ಊರಾದ ದಾವಣಗೆರೆಯಲ್ಲಿ ನಮ್ಮ ತಲೆಮಾರಿನವರು ಹಾರ್ಮೋನಿಯಂ ಪೆಟ್ಟಿಗೆಯನ್ನು ಹತ್ತಿರದಿಂದ ನೋಡುತ್ತಲೇ ಬೆಳೆದೆವು. ಪೆಟ್ಟಿಗೆಯ ಮುಂಭಾಗದಲ್ಲಿ ಸಾಲಾಗಿ ಗುಬ್ಬಿಗಳಿರುತ್ತವೆ, ನಮ್ಮವರು ಅವಕ್ಕೆ ಸ್ಟಾಪರ್ ಎನ್ನುತ್ತಾರೆ. ಗುಬ್ಬಿಯನ್ನು ಹೊರಗೆ ಎಳೆದರೆ ಒಳಗಿನ ಗಾಳಿಯ ದಾರಿ ತೆರೆಯುತ್ತದೆ, ಒತ್ತಿದರೆ ಮುಚ್ಚುತ್ತದೆ. ಚರ್ಚುಗಳ ದೊಡ್ಡ ಆರ್ಗನ್ನಿನಲ್ಲೂ ಇದೇ ಏರ್ಪಾಡು. ಅಲ್ಲಿಂದ ಬಂದದ್ದು ‘ಪುಲ್ ಔಟ್ ಆಲ್ ದಿ ಸ್ಟಾಪ್ಸ್’ ಎಂಬ ನುಡಿಗಟ್ಟು; ಎಲ್ಲ ಗುಬ್ಬಿಗಳನ್ನೂ ಎಳೆದು ಇದ್ದಷ್ಟೂ ನಾದ ಹೊರಡಿಸಿದ ಹಾಗೆ, ಶಕ್ತಿಯನ್ನೆಲ್ಲ ಹಾಕಿ ಕೆಲಸ ಮಾಡುವುದು ಎಂದರ್ಥ. ಇದನ್ನು ‘ಎಲ್ಲ ನಿಲ್ದಾಣಗಳನ್ನು ಕಿತ್ತುಹಾಕು’ ಎಂದು ಅನುವಾದಿಸಿದ ಉತ್ತರ ಪತ್ರಿಕೆಯೊಂದನ್ನು ತಿದ್ದುವ ಭಾಗ್ಯ ನನಗೆ ಬಂದಿತ್ತು.

ತಂತಿ ಕಳಿಸುತ್ತಿದ್ದ ಕಾಲದಲ್ಲಿ ಚುಕ್ಕೆ ಇಡುವ ಬದಲು ‘ಸ್ಟಾಪ್’ ಎಂದು ಬರೆಯುವ ರೂಢಿಯಿತ್ತು. ಪೂರ್ಣವಿರಾಮಕ್ಕೆ ಇಂಗ್ಲಿಷಿನಲ್ಲಿ ‘ಫುಲ್ ಸ್ಟಾಪ್’ ಎಂದಲ್ಲವೇ ಹೆಸರು. ‘ಮದರ್ ಸೀರಿಯಸ್ ಸ್ಟಾಪ್ ಸ್ಟಾರ್ಟ್ ಇಮ್ಮೀಡಿಯಟ್ಲಿ’ ಎಂಬಂಥ ತಂತಿಯನ್ನು ಹಿಡಿದು, ನಿಲ್ಲಬೇಕೋ ಹೊರಡಬೇಕೋ ತಿಳಿಯದೆ ಪೋಸ್ಟ್‌ಮನ್ನನನ್ನೇ ಕೇಳಬೇಕಾದ ಮನೆಗಳಿದ್ದವು. 2013ರ ಜುಲೈನಲ್ಲಿ ತಂತಿ ಸೇವೆಯೇ ನಿಂತು ಹೋದ ಮೇಲೆ ಆ ಗೊಂದಲವೂ ಹೋಯಿತು.

ಬಳಗದ ಉಳಿದ ಪದಗಳನ್ನು ಬೇಗ ಮುಗಿಸುತ್ತೇನೆ. ‘ಹಾಲ್ಟ್’ ಸ್ವಲ್ಪ ಗತ್ತಿನ ಪದ, ಸೇನೆಯಿಂದ ಬಂದದ್ದು. ನಮ್ಮಲ್ಲಿ ಅದು ಸಣ್ಣ ರೈಲು ನಿಲುಗಡೆಗಳ ಹೆಸರಿನಲ್ಲಿ ಉಳಿದುಕೊಂಡಿದೆ. ‘ಕ್ವಿಟ್’ ಎಂದರೆ ಬಿಟ್ಟುಬಿಡುವುದು. ಬೀಡಿ, ಕೆಲಸ, ಆಟ ಇವುಗಳಿಗೆ ಸರಿ, ಮಳೆಗೆ ಸಲ್ಲದು. ನ್ಯಾಯಾಲಯದ ತಡೆಯಾಜ್ಞೆಗೆ ಮಾತ್ರ ‘ಸ್ಟಾಪ್’ ಎಂದೂ ಬರೆಯಬೇಡಿ, ಅದು ‘ಸ್ಟೇ’. ತಮಾಷೆಯೆಂದರೆ ‘ಸ್ಟೇ’ ಹುಟ್ಟಿದ್ದು ‘ನಿಂತಿರು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ, ಹೀಗಾಗಿ ನಮ್ಮ ‘ನಿಲ್ಲು’ವಿಗೆ ನಿಜವಾದ ನೆಂಟ ‘ಸ್ಟಾಪ್’ ಆಗದೆ ಆ ‘ಸ್ಟೇ’ ಆಗಿದ್ದಾನೆ. ಇನ್ನು ನಗುವಿನ ವಿಷಯ: ‘ಐ ಕುಡ್ ನಾಟ್ ಸ್ಟಾಪ್ ಲಾಫಿಂಗ್’ ಎಂದರೆ ಶುರುವಾದ ನಗು ನಿಲ್ಲಲಿಲ್ಲ, ‘ಐ ಕುಡ್ ನಾಟ್ ಹೆಲ್ಪ್ ಲಾಫಿಂಗ್’ ಎಂದರೆ ನಗದೆ ಇರಲಾಗಲಿಲ್ಲ. ಹುಡುಗ ಬೋರ್ಡು ಓದಿ ಹೇಳಿದಾಗ ನಿಮ್ಮ ಸಹೋದ್ಯೋಗಿಗಳಿಗೆ ಆಗಿದ್ದು ಎರಡನೆಯದು ಎಂದು ಊಹಿಸುತ್ತೇನೆ.

ಬೋರ್ಡಿಗೇನು ಮಾಡಬೇಕು ಎಂಬುದು ಉಳಿಯಿತು. ‘ಸ್ಟಾಪ್ ಟಾಕಿಂಗ್’ ಎಂದು ತಿದ್ದಿಸಿದರೆ ವ್ಯಾಕರಣ ಸರಿಯಾಗುತ್ತದೆ, ಆದರೂ ನಾನು ಅದನ್ನು ಸೂಚಿಸುವುದಿಲ್ಲ. ‘ಸ್ಟಾಪ್ ಟಾಕಿಂಗ್’ ಎಂಬುದು ಆಗಲೇ ಮಾತಾಡುತ್ತಿರುವವರಿಗೆ, ಎದುರು ನಿಂತು ಹೇಳುವ ಮಾತು. ತರಗತಿಯಲ್ಲಿ ಡಸ್ಟರ್ ಬಡಿದು ನೀವು ಹೇಳುವಂಥದು. ಗೋಡೆಯ ಮೇಲಿನ ಬೋರ್ಡು ಇನ್ನೂ ಬಾಯಿ ತೆರೆಯದ, ಸುಮ್ಮನೆ ಹಾದುಹೋಗುತ್ತಿರುವ ಮಗುವಿನ ಕಣ್ಣಿಗೂ ಬೀಳುತ್ತದೆ, ಅಂಥ ಮಗುವಿಗೆ ‘ಮಾತು ನಿಲ್ಲಿಸು’ ಎಂದರೆ ಅದು ತನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡೀತು. ಅಲ್ಲಿ ಬೇಕಾದದ್ದು ‘ಸ್ಟೂಡೆಂಟ್ಸ್ ಮಸ್ಟ್ ನಾಟ್ ಟಾಕ್ ಇನ್ ದಿ ಕಾರಿಡಾರ್’. ಬೋರ್ಡು ಪೂರ್ತಿ ಹೊಸದಾಗಿ ಬರೆಸುವ ಖರ್ಚೂ ಇಲ್ಲ. ಪೇಂಟರ್ ‘ಸ್ಟಾಪ್ ಟು’ ಎಂಬ ಎರಡು ಪದಗಳ ಮೇಲೆ ಬಣ್ಣ ಬಳಿದು, ಆ ಜಾಗದಲ್ಲಿ ‘ನಾಟ್’ ಎಂದು ಬರೆದರೆ ಆಯಿತು.